ಎಂಟು ಕಲ್ಲಿನ ಕುಲುಮೆ

ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಕೆಟ್ಟೇ ಹೋಗುತ್ತಾರೆ ಎಂಬ ಮಾತು ಶಿವಮೊಗ್ಗದ ಯಾವ ಮದುವೆಮನೆಗೆ ಹೋದರೂ ಕಿವಿಗೆ ಬೀಳುತ್ತದೆ. ಸುಮ್ಮನೆ ಬೆರಳಾಡಿಸಿ ಹೊತ್ತು ಕಳೆಯುವ ಆಟಗಳ ಮೇಲೆ ನನಗೂ ಒಲವಿಲ್ಲ. ಆದರೆ ಎಲ್ಲ ಆಟಗಳನ್ನೂ ಒಂದೇ ಕುಕ್ಕೆಗೆ ಹಾಕಿ ಬೈಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ, ಮೈನ್‌ಕ್ರಾಫ್ಟ್ ನೋಡಿದ ಮೇಲಂತೂ.

ಸ್ವೀಡನ್ನಿನ ಮೊಜಾಂಗ್ ಕಂಪನಿ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಆಟ ಅದು. ಶುರುವಿನಲ್ಲಿ ಕೈಯಲ್ಲಿ ಏನೂ ಇರುವುದಿಲ್ಲ. ಬರಿಗೈಯಲ್ಲೇ ಮರ ಕಡಿಯಬೇಕು, ಅದರಿಂದ ಪಿಕಾಸಿ ಮಾಡಿಕೊಳ್ಳಬೇಕು. ಮರದ ಪಿಕಾಸಿಗೆ ಕಲ್ಲು ಒಡೆಯುತ್ತದೆ, ಕಬ್ಬಿಣದ ಅದಿರು ದಕ್ಕುವುದಿಲ್ಲ. ಅದಕ್ಕೆ ಕಲ್ಲಿನ ಪಿಕಾಸಿಯೇ ಆಗಬೇಕು. ಎಂಟು ಕಲ್ಲು ಸುತ್ತ ಜೋಡಿಸಿದರೆ ಕುಲುಮೆ. ಕಲ್ಲಿದ್ದಲು ಸಿಗದಿದ್ದರೆ ದಿಮ್ಮಿಯನ್ನೇ ಕುಲುಮೆಗಿಟ್ಟು ಇದ್ದಿಲು ಮಾಡಿಕೊಳ್ಳಬಹುದು. "ಒಂದು ಇದ್ದಿಲಿಗೆ ಎಂಟು ಅದಿರು ಕರಗುತ್ತೆ ದೊಡ್ಡಮ್ಮ, 24 ಅದಿರಿಗೆ ಮೂರು ಸಾಕು," ಎಂದ ನನ್ನ ತಂಗಿಯ ಮಗ. ಮಗ್ಗಿ ಹೇಳು ಎಂದರೆ ಮುಖ ಸಿಂಡರಿಸುವ ಹುಡುಗ!

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ನಮ್ಮ ಅಪ್ಪ ಕನ್ನಡಕ ಹಾಕಿಕೊಂಡು ಅವನ ಪಕ್ಕ ಬಂದು ಕೂತರು.

"ಸುಣ್ಣದಕಲ್ಲು ಎಲ್ಲಿ ಹಾಕಿದ್ಯೋ?"

"ಇದಕ್ಕೆ ಅದೆಲ್ಲ ಬೇಡ ಅಜ್ಜ."

"ಬೇಡ ಅಂದ್ರೆ? ಅದಿರಲ್ಲಿರೋ ಕಸ ಎಲ್ಲಿಗೆ ಹೋಗ್ಬೇಕು?"

ಹುಡುಗ ಆಟ ನಿಲ್ಲಿಸಿದ. ಸುಣ್ಣದಕಲ್ಲು ಅದಿರಿನ ಕಲ್ಮಶವನ್ನು ಎಳೆದುಕೊಂಡು ಸ್ಲ್ಯಾಗ್ ಆಗುವುದು, ಹಗುರವಾದ ಅದು ಕರಗಿದ ಕಬ್ಬಿಣದ ಮೇಲೆ ತೇಲುವುದು, ಎರಡನ್ನೂ ಬೇರೆ ಬೇರೆ ಬಾಯಿಯಿಂದ ಹೊರಬಿಡುವುದು, ಕೆಳಗಿನಿಂದ ಕಾದ ಗಾಳಿ ಊದದಿದ್ದರೆ ಬ್ಲಾಸ್ಟ್ ಫರ್ನೇಸ್ ಕೆಲಸವನ್ನೇ ಮಾಡದಿರುವುದು, ಇದೆಲ್ಲವನ್ನೂ ಅಪ್ಪ ಕೈಯಾಡಿಸುತ್ತ ಹೇಳುತ್ತಾ ಹೋದರು. ನಾವು ಮಕ್ಕಳಾಗಿದ್ದಾಗ ಇದನ್ನು ನಮಗೆ ಅವರು ಹೇಳಿದ್ದಿಲ್ಲ. ಕೇಳುವುದಕ್ಕೆ ನಮಗೂ ಪ್ರಶ್ನೆಯೇ ಹುಟ್ಟಿರಲಿಲ್ಲ. ಅವನಿಗೆ ಹುಟ್ಟಿತು, ಏಕೆಂದರೆ ಅವನು ಆಗಲೇ ಒಂದು ಕುಲುಮೆಯ ಯಜಮಾನ.

ಭದ್ರಾವತಿಯ ಮೊದಲ ಕಬ್ಬಿಣ ಕರಗಿದ್ದೂ ಇದ್ದಿಲಿನಲ್ಲೇ. 1923ರ ಜನವರಿಯಲ್ಲಿ ಮೈಸೂರು ಸಂಸ್ಥಾನದ ಕಾರ್ಖಾನೆ ಶುರುವಾದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಸೌದೆ ಬಂದದ್ದು ಮಲೆನಾಡಿನ ಕಾಡಿನಿಂದ. ಹತ್ತಿರದಲ್ಲಿ ಒಳ್ಳೆಯ ಕಲ್ಲಿದ್ದಲು ಇರಲಿಲ್ಲ. ಮುಚ್ಚಿದ ಪಾತ್ರೆಗಳಲ್ಲಿ ಸೌದೆ ಕಾಯಿಸಿ ಇದ್ದಿಲು ಮಾಡಿ, ಹೊರಟ ಹಬೆಯಿಂದ ಟಾರು, ಮರದ ಸ್ಪಿರಿಟ್ಟು ತೆಗೆಯುತ್ತಿದ್ದರು. ಆ ಆಟ ಹುಟ್ಟಿದ ಸ್ವೀಡನ್ನೂ ಇದ್ದಿಲ ಕಬ್ಬಿಣಕ್ಕೆ ಶತಮಾನಗಳ ಕಾಲ ಹೆಸರಾಗಿದ್ದ ದೇಶ.

ಆಟದಲ್ಲಿ ಕಡಿದ ಮರದ ಎಲೆಯಿಂದ ಸಸಿ ಉದುರುತ್ತದೆ, ನೆಟ್ಟರೆ ಸ್ವಲ್ಪ ಹೊತ್ತಿಗೇ ಮರ. "ನಮ್ಮ ಕಾಡು ಹೀಗೆ ಬೆಳೀಲಿಲ್ಲ ಮಗಾ," ಎಂದರು ಅಪ್ಪ. ಇದನ್ನು ಯಾವ ಆಟವೂ ಹೇಳಿಕೊಡಲಾರದು. ಪಕ್ಕದಲ್ಲಿ ಕೂತ ಮನುಷ್ಯನೇ ಹೇಳಬೇಕು. 1971ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 'ಒರೆಗಾನ್ ಟ್ರೇಲ್' ಎಂಬ ಆಟ ಹುಟ್ಟಿದ್ದೂ ಇತಿಹಾಸದ ಪಾಠಕ್ಕಾಗಿ, ಮೇಷ್ಟ್ರು ಎದುರಿಗಿದ್ದ ತರಗತಿಯಲ್ಲೇ. ಮಕ್ಕಳನ್ನು ಆಟದ ಮುಂದೆ ಒಂಟಿಯಾಗಿ ಕೂರಿಸಿ, ಆಮೇಲೆ ಆಟವನ್ನು ದೂರುವುದು ನ್ಯಾಯವಲ್ಲ.

ಭದ್ರಾವತಿಯ ನ್ಯೂಟೌನಿನಲ್ಲೋ ಪೇಪರ್‌ಟೌನಿನಲ್ಲೋ ನಿಮ್ಮ ಮನೆಯಲ್ಲೂ ಕಾರ್ಖಾನೆ ಕಂಡ ಹಿರಿಯರಿದ್ದರೆ, ದಯವಿಟ್ಟು ಮಗುವಿನ ಪಕ್ಕ ಅವರಿಗೂ ಒಂದು ಕುರ್ಚಿ ಹಾಕಿಕೊಡಿ.