ಇಸಿಐಎಲ್ ಕ್ರಾಸ್‌ರೋಡಿನಲ್ಲಿ ಇಳಿದು

ಕಳೆದ ಡಿಸೆಂಬರಿನಲ್ಲಿ ಮದುವೆಯೊಂದಕ್ಕೆ ಪುಣೆಯಿಂದ ಹೈದರಾಬಾದಿಗೆ ಹೋಗಿದ್ದೆ. ಊಟವಾದ ಮೇಲೆ ಮಧ್ಯಾಹ್ನವೆಲ್ಲ ಖಾಲಿ. ಸಿಕಂದರಾಬಾದ್ ಸ್ಟೇಷನ್ ಹತ್ತಿರ ‘ಇಸಿಐಎಲ್’ ಬೋರ್ಡಿನ ಸಿಟಿ ಬಸ್ಸು ಕಂಡಿತು, ಹತ್ತಿ ಕೂತುಬಿಟ್ಟೆ.

ಬಸ್ಸಿನಲ್ಲಿದ್ದವರಿಗೆ ಅದು ಒಂದು ಸ್ಟಾಪಿನ ಹೆಸರು. ನನಗೆ ಅದು ನಾನು ಕಲಿತ ಕಂಪ್ಯೂಟರಿನ ತವರು. ಅಣುಶಕ್ತಿ ಇಲಾಖೆಯ ಅಡಿಯಲ್ಲಿ 1967ರಲ್ಲಿ ಶುರುವಾದ ಈ ಕಾರ್ಖಾನೆಯ ಟಿಡಿಸಿ ಯಂತ್ರಗಳು ನಮ್ಮ ದೇಶದವರೇ ಕಟ್ಟಿದ ಮಿನಿಕಂಪ್ಯೂಟರುಗಳು. ಮೊದಲು ಟಿಡಿಸಿ-12, ಎಪ್ಪತ್ತರ ದಶಕದಲ್ಲಿ 312, ಆಮೇಲೆ 316. ‘ಮಿನಿ’ ಅಂದರೆ ಈಗಿನವರು ನಗಬಹುದು. ನಮ್ಮದು ಗೋದ್ರೆಜ್ ಬೀರುವಿನಷ್ಟಿತ್ತು.

ಐಬಿಎಂ ದೇಶ ಬಿಟ್ಟು ಹೋದ 1978ರಲ್ಲೇ ನಾನು ಬೀದರಿನಿಂದ ಬಂದು ಗೌಲಿಗುಡ ಬಸ್ ನಿಲ್ದಾಣದಲ್ಲಿ ಇಳಿದದ್ದು. ನಿಜಾಮರ ಕಾಲದ ಆ ದೊಡ್ಡ ತಗಡಿನ ಕಮಾನು 2018ರಲ್ಲಿ ಕುಸಿದು ಬಿತ್ತು ಎಂದು ಪೇಪರಿನಲ್ಲಿ ಓದಿ ಒಂದು ದಿನ ಮನಸ್ಸಿಗೆ ಕಸಿವಿಸಿಯಾಗಿತ್ತು. ಅಂದು ಜೇಬಿನಲ್ಲಿದ್ದದ್ದು ಅವ್ವ ತನ್ನ ಬೆಳ್ಳಿ ಡಾಬು ಮಾರಿ ಕೊಟ್ಟ ದುಡ್ಡು. ಪ್ರಯೋಗಾಲಯವೊಂದರಲ್ಲಿ ಆರು ತಿಂಗಳ ತರಬೇತಿ. ಪಾಸಾದರೆ ಕೆಲಸ, ಇಲ್ಲದಿದ್ದರೆ ವಾಪಸ್ ಬೀದರ್.

ಯಂತ್ರದ ಮುಂದೆ ಹನ್ನೆರಡು ಸ್ವಿಚ್ಚುಗಳ ಸಾಲು. ಮೂರು ಮೂರರ ನಾಲ್ಕು ಗುಂಪು, ಒಂದೊಂದು ಗುಂಪಿಗೆ ಒಂದು ಅಂಕಿ, ಸೊನ್ನೆಯಿಂದ ಏಳರವರೆಗೆ. ಎಂಟು, ಒಂಬತ್ತು ಇಲ್ಲವೇ ಇಲ್ಲ. ಏಳಾದ ಮೇಲೆ ಹತ್ತು. ಒಂದು ಸಂಜೆ ಇರಾನಿ ಹೋಟೆಲಿನಲ್ಲಿ ಐದೂ ಐದೂ ಹನ್ನೆರಡು ಎಂದು ಲೆಕ್ಕ ಹೇಳಿ, ಗಲ್ಲೆಯಲ್ಲಿ ಕೂತವನು ನನ್ನನ್ನೇ ನೋಡುವಂತೆ ಮಾಡಿದ್ದೆ. ನಮ್ಮ ಯಂತ್ರಕ್ಕಿದ್ದ ನೆನಪು ಒಟ್ಟು 4096 ಪದ. ಸಣ್ಣ ಕಬ್ಬಿಣದ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿದ ನೆನಪು ಅದು, ಕರೆಂಟು ಹೋದರೂ ಅಳಿಯುತ್ತಿರಲಿಲ್ಲ. ಆದರೆ ನನ್ನಂಥವನು ಬರೆದ ಪ್ರೋಗ್ರಾಮು ದಾರಿ ತಪ್ಪಿ ಲೋಡರಿನ ಮೇಲೆಯೇ ಹತ್ತಿ ಕೂತರೆ, ಮತ್ತೆ ಸ್ವಿಚ್ಚು ಒತ್ತುತ್ತ ಒಂದೊಂದೇ ಪದ ತುಂಬಬೇಕು. ಮೊದಲ ಎರಡು ತಿಂಗಳು ನಾನು ಮಾಡಿದ್ದು ಹೆಚ್ಚಾಗಿ ಅದನ್ನೇ.

ಊರಿಗೆ ಹೋದಾಗಲೆಲ್ಲ ಅವ್ವನದು ಒಂದೇ ಪ್ರಶ್ನೆ: ‘ಅಲ್ಲಿ ಏನು ಕಲೀತಿದಿ?’ ನನ್ನ ಹತ್ತಿರ ಉತ್ತರವಿರಲಿಲ್ಲ. ಡಾಬಿನ ಬದಲು ಏನು ಬಂತು ಎಂದು ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಪ್ರೋಗ್ರಾಮುಗಳು ಇರುತ್ತಿದ್ದದ್ದು ಒಂದಿಂಚು ಅಗಲದ ಕಾಗದದ ಟೇಪಿನಲ್ಲಿ. ಟೆಲಿಟೈಪು ಸೆಕೆಂಡಿಗೆ ಹತ್ತು ಅಕ್ಷರದಂತೆ ಕಟಕಟ ಎನ್ನುತ್ತ ಅದರಲ್ಲಿ ತೂತು ಹೊಡೆಯುತ್ತಿತ್ತು. ಒಂದು ಅಕ್ಷರಕ್ಕೆ ಅಡ್ಡಲಾಗಿ ಎಂಟು ತೂತಿನ ಜಾಗ, ಮಧ್ಯೆ ಟೇಪನ್ನು ಎಳೆಯುವ ಚಕ್ರದ ಹಲ್ಲಿಗೆಂದು ಸಣ್ಣ ತೂತುಗಳ ಸಾಲು. ಆ ಸಾಲಿನ ಒಂದು ಬದಿಗೆ ಐದು, ಇನ್ನೊಂದು ಬದಿಗೆ ಮೂರು. ರಾತ್ರಿ ಪಾಳಿಯಲ್ಲಿ ಒಮ್ಮೆ ಅದನ್ನೇ ನೋಡುತ್ತ ಕೂತಾಗ ಹೊಳೆಯಿತು: ಮೇಲಿನ ಐದು ಸಾಲಿನಲ್ಲಿ ಅಕ್ಷರ, ಕೆಳಗಿನ ಮೂರರಲ್ಲಿ ಒತ್ತು!

ಚೌಕಳಿ ಹಾಳೆಯಲ್ಲಿ ‘ಅವ್ವ’ ಎಂದು ಚುಕ್ಕಿಯಲ್ಲಿ ಬರೆದು, ಒಂದೊಂದು ಗೀಟನ್ನೂ ಅಂಕಿ ಮಾಡಿ, ಪ್ರೋಗ್ರಾಮಿನಲ್ಲಿ ಕೂರಿಸಿದೆ. ಟೆಲಿಟೈಪಿಗೆ ಇದು ಚಿತ್ರವೆಂದು ಏನು ಗೊತ್ತು? ತೂತು ಹೊಡೆಯುತ್ತಲೇ ಅದು ಪಕ್ಕದ ಕಾಗದದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಅಚ್ಚು ಹಾಕುತ್ತ ಹೋಯಿತು. ಒತ್ತಿನ ಕೊನೆಯ ಗೀಟಿಗೆ ಬಂದಾಗ ‘ಟಿಣ್’ ಎಂದು ಗಂಟೆ ಬಾರಿಸಿತು. ಕೆಳಗಿನ ಮೂರು ತೂತು ಮಾತ್ರ ಬಿದ್ದರೆ ಅದು ಏಳು, ಏಳೆಂದರೆ ಗಂಟೆಯ ಸಂಕೇತ. ಬಾಗಿಲಲ್ಲಿದ್ದ ಮೇಲ್ವಿಚಾರಕರು ಒಳಗೆ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಟೇಪನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಇದು ಯಾವ ಲಿಪಿ ಎಂದು ಕೇಳಿದರು. ತೆಲುಗಿನವರು, ‘ವ’ ಗುರುತು ಹಿಡಿದುಬಿಟ್ಟರು.

ಅದನ್ನು ಅಂಚೆ ಲಕೋಟೆಯಲ್ಲಿಟ್ಟು ಕಳಿಸಿದೆ. ಮುಂದಿನ ಸಲ ಹೋದಾಗ ಅವ್ವ ಅಂದಳು: ‘ಇಷ್ಟ್ ತೂತ್ ಹೊಡೀಲಾಕ ಹೈದ್ರಾಬಾದಿಗಿ ಹೋಗಿದೇನೋ?’ ಆದರೆ ನೆರೆಮನೆಯವರಿಗೆಲ್ಲ ತೋರಿಸಿದ್ದಳು. ಅವಳು ಓದುತ್ತಿದ್ದದ್ದು ಬೆರಳಿನಿಂದ, ಒಂದೊಂದೇ ತೂತು ಮುಟ್ಟಿ. ಕೆಲಸವೂ ಸಿಕ್ಕಿತು, ಡಾಬು ಮಾತ್ರ ಮತ್ತೆ ಮಾಡಿಸಿಕೊಳ್ಳಲು ಅವಳು ಒಪ್ಪಲಿಲ್ಲ.

ಕ್ರಾಸ್‌ರೋಡಿನಲ್ಲಿ ಇಳಿದಾಗ ದಿಕ್ಕೇ ತಿಳಿಯಲಿಲ್ಲ. ಅಂಗಡಿ, ಬಟ್ಟೆ ಮಳಿಗೆ, ಬಿರಿಯಾನಿ. ಪಕ್ಕದ ಬಡಾವಣೆಗೆ ಕಾರ್ಖಾನೆ ಕಟ್ಟಿದ ಎ.ಎಸ್. ರಾವ್ ಅವರ ಹೆಸರಿದೆ. ಒಂದು ಚಹಾ ಕುಡಿದೆ. ಗೇಟಿನವರೆಗೆ ಹೋಗಿ, ಒಳಗೆ ಬಿಡುವುದಿಲ್ಲವೆಂದು ಗೊತ್ತಿದ್ದರಿಂದ ಕೇಳದೆ ಹಿಂದಿರುಗಿದೆ. ವಾಪಸಾಗುವಾಗ ಬಸ್ಸಿನ ಕಿಟಕಿಯಿಂದ ಮೌಲಾಲಿ ಗುಡ್ಡ ಕಂಡಿತು, ಮೇಲೆ ಬಿಳಿ ದರ್ಗಾ. ಅದೊಂದು ಇದ್ದಲ್ಲೇ ಇದೆ.

ಟೇಪು ಈಗ ಪುಣೆಯ ನಮ್ಮ ಮನೆಯಲ್ಲಿದೆ, ಅವ್ವನ ಬಳೆ ಡಬ್ಬಿಯಲ್ಲಿ. ಒತ್ತಿನ ಹತ್ತಿರ ಸ್ವಲ್ಪ ಹರಿದಿದೆ.