ಕಂಠೀರಾಯಿ ಹಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆ ತೆಂಗಿನ ಸೀಮೆ. ಅಲ್ಲಿಯ ರೈತನು ಕಾಯಿಯನ್ನು ಅಟ್ಟಕ್ಕೇರಿಸಿ, ಅದು ಉಂಡೆ ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುತ್ತಾನೆ. ಕಾಯಿಯನ್ನು ಅಲುಗಿಸಿದಾಗ ಒಳಗಿನ ಗಿಟಕು ಸದ್ದುಮಾಡಿದರೆ ಅದು ಒಣಗಿ ಬಿಟ್ಟುಕೊಂಡಿತೆಂದು ಅರ್ಥ. ಇಷ್ಟು ದೀರ್ಘವಾದ ದುಡಿಮೆಗೆ ಪ್ರತಿಯಾಗಿ ಅವನ ಅಂಗೈ ಸೇರುವುದು ನಾಣ್ಯ. ಆ ನಾಣ್ಯವೇ ಸುಳ್ಳಾದರೆ ದುಡಿದವನ ಪಾಡೇನು? ಈ ಪ್ರಶ್ನೆಗೆ ಉತ್ತರವಿತ್ತ ಅರಸರಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಒಬ್ಬರು.

ಅವರು ಶ್ರೀರಂಗಪಟ್ಟಣದಿಂದ 1638ರಿಂದ 1659ರವರೆಗೆ ರಾಜ್ಯವಾಳಿದರು. ಪಟ್ಟಕ್ಕೆ ಬಂದ ಹೊಸತರಲ್ಲಿಯೇ ಬಿಜಾಪುರದ ರಣದುಲ್ಲಾಖಾನನ ದಾಳಿಯನ್ನು ಎದುರಿಸಿ ಹಿಮ್ಮೆಟ್ಟಿಸಿದರು. ಮಲ್ಲಯುದ್ಧದಲ್ಲಿ ಅವರು ತೋರಿದ ಸಾಹಸದ ಕಥೆಗಳು ಇಂದಿಗೂ ಜನರ ಬಾಯಲ್ಲಿವೆ. ಆದರೆ ತೋಳಿನ ಬಲ ತೋಳಿರುವವರೆಗೆ ಮಾತ್ರ. ಅದಕ್ಕಿಂತ ಬಹುಕಾಲ ಬಾಳಿದ ಕೀರ್ತಿಯೊಂದನ್ನು ಅವರು ಟಂಕಸಾಲೆಯಲ್ಲಿ ಗಳಿಸಿದರು. ಮೈಸೂರು ಒಡೆಯರಲ್ಲಿ ಸ್ವಂತ ನಾಣ್ಯವನ್ನು ಹೊರಡಿಸಿದವರು ಅವರೇ ಮೊದಲಿಗರು.

ಆ ನಾಣ್ಯವೇ ಕಂಠೀರಾಯಿ ಹಣ. ಅದು ಚಿನ್ನದ್ದು, ತೂಕ ಅರ್ಧ ಗ್ರಾಮಿಗಿಂತಲೂ ಕಡಿಮೆ, ಗಾತ್ರದಲ್ಲಿ ಹೆಸರುಕಾಳನ್ನು ಚಪ್ಪಟೆಮಾಡಿದಂತೆ. ಒಂದು ಮುಖದಲ್ಲಿ ಅರಸರ ಇಷ್ಟದೈವವಾದ ನರಸಿಂಹನ ಮೂರ್ತಿ. ಮತ್ತೊಂದರಲ್ಲಿ ನಾಗರಿ ಲಿಪಿಯ ಮೂರು ಸಾಲುಗಳಲ್ಲಿ ‘ಶ್ರೀ ಕಂಠೀರವ’ ಎಂಬ ಬರಹ. ಅರಸರ ಮುಖವಾಗಲಿ ಬಿರುದುಗಳ ಸಾಲಾಗಲಿ ಅದರಲ್ಲಿಲ್ಲ. ತೂಗಿದ ಚಿನ್ನದ ತುಣುಕನ್ನು ಎರಡು ಅಚ್ಚುಗಳ ನಡುವೆ ಇರಿಸಿ ಸುತ್ತಿಗೆಯಿಂದ ಹೊಡೆದು ಇಂತಹ ನಾಣ್ಯಗಳನ್ನು ಟಂಕಿಸುತ್ತಿದ್ದರು. ಅಷ್ಟು ಕಿರಿದಾದ ಎಡೆಯಲ್ಲಿ ಸಿಂಹದ ಮುಖವನ್ನೂ ಮಡಿಸಿದ ಕಾಲನ್ನೂ ಮೂಡಿಸಲು ಅಚ್ಚು ಕೊರೆದ ಕೈಗಳಿಗೆ ಎಂತಹ ತಾಳ್ಮೆ ಇದ್ದಿರಬೇಕು! ಅರಸರ ಹೆಸರು ನಾಣ್ಯದ ಮೇಲೆ ನಿಂತಿತು. ಕೊರೆದವರ ಹೆಸರು ಅದರ ಮೇಲಿಲ್ಲ. ಅವರ ಕೆಲಸ ಮಾತ್ರ ಉಳಿಯಿತು.

ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ವಿಚಿತ್ರವೆಂದರೆ, ಈ ವರಹವು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದ ನಾಣ್ಯ. ಕಣ್ಣಿಗೆ ಕಾಣದ ಆ ವರಹವನ್ನು ಜನರು ನಂಬಿದ್ದು ಕೈಗೆ ಸಿಗುವ ಹಣ ನಂಬಿಕೆಗೆ ಅರ್ಹವಾಗಿದ್ದುದರಿಂದ. ಅರಸರು ತೀರಿಕೊಂಡು 140 ವರ್ಷಗಳಾದ ಮೇಲೆ, 1799ರ ಒಪ್ಪಂದದಲ್ಲಿ ಮೈಸೂರಿನ ಪ್ರಾಂತಗಳ ಉತ್ಪನ್ನವನ್ನು ಎಣಿಸಿದ್ದು ಕಂಠೀರಾಯಿ ವರಹಗಳಲ್ಲಿಯೇ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳನ್ನು ನೋಡುತ್ತ ಸಂಚರಿಸಿದನು. ಮೈಸೂರು ಸೀಮೆಯ ಬೆಲೆಗಳನ್ನು ಬರೆದುಕೊಳ್ಳುವಾಗ ಅವನೂ ಕಂಠೀರಾಯಿ ಹಣದ ಲೆಕ್ಕವನ್ನು ಬಳಸಿದನು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈ ಹಣವನ್ನು ಮತ್ತೆ ಟಂಕಿಸಲಾಯಿತು. ಹೊಸದನ್ನು ಜನರು ‘ಗಿಡ್ಡ’ವೆಂದೂ ಹಳೆಯದನ್ನು ‘ಅಗಲ’ವೆಂದೂ ಕರೆದು ಬೇರ್ಪಡಿಸಿದರು. ಕಾಯಿಯ ಸದ್ದಿನಿಂದ ಕೊಬ್ಬರಿಯನ್ನು ಅರಿಯುವ ರೈತನಂತೆ, ಚಿನಿವಾರನು ಒರೆಗಲ್ಲಿನಿಂದ ಚಿನ್ನವನ್ನು ಅರಿಯುತ್ತಿದ್ದನು. ಪರೀಕ್ಷೆಗೆ ನಿಲ್ಲದ ವಸ್ತುವಿಗೆ ಅರಸನ ಮುದ್ರೆಯಿದ್ದರೂ ಬೆಲೆ ನಿಲ್ಲದು.

ಮುಂದೆ ಬೆಳ್ಳಿಯ ರೂಪಾಯಿ ಬಂದಿತು. ಮೈಸೂರಿನ ಟಂಕಸಾಲೆ ಮುಚ್ಚಿತು. ಕಂಠೀರಾಯಿ ಹಣ ವಸ್ತುಸಂಗ್ರಹಾಲಯವನ್ನು ಸೇರಿತು. ಆದರೆ ಕೊಬ್ಬರಿ ಮಾರಿ ಮನೆಗೆ ಮರಳುವ ರೈತನು ತನ್ನ ಗಳಿಕೆಯನ್ನು ಇಂದಿಗೂ ‘ಹಣ’ವೆಂದೇ ಕರೆಯುತ್ತಾನೆ. ಹೆಸರುಕಾಳಿನಷ್ಟಿದ್ದ ಚಿನ್ನದ ತುಣುಕಿನ ಹೆಸರು ಸಂಪತ್ತಿಗೆಲ್ಲ ಹೆಸರಾಗಿ ನಿಂತಿದೆ. ಕೋಟೆಗಳು ಕುಸಿಯುತ್ತವೆ, ರಾಜ್ಯಗಳು ಕೈ ಬದಲಾಯಿಸುತ್ತವೆ. ತೂಕ ತಪ್ಪದೆ ನಡೆದುಕೊಂಡವರ ಮಾತು ಜನರ ನಾಲಗೆಯಲ್ಲಿ ಚಲಾವಣೆಯಲ್ಲಿರುತ್ತದೆ.