ಆಟದ ಪೆಟ್ಟಿಗೆಯ ಸಂಜೆಯ ಕೆಲಸ

ಚಿರಂಜೀವಿಯು ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರವನ್ನು ಮನೆಗೆ ತಂದಾಗ ನಾವು ಮುಖ ಸಿಂಡರಿಸಿದ್ದುಂಟು. ಓದುವ ಹುಡುಗನಿಗೆ ಇದೇತಕ್ಕೆ? ಆದರೆ 2006ನೆಯ ಇಸವಿಯಲ್ಲಿ ಮೊದಲು ಹೊರಬಂದ ಆ ಕರಿಯ ಪೆಟ್ಟಿಗೆಯು ಆಟವೊಂದನ್ನೇ ಬಲ್ಲುದಲ್ಲವೆಂಬುದು ಕ್ರಮೇಣ ತಿಳಿಯಿತು. ಡಿವಿಡಿ, ಬ್ಲೂ-ರೇ ತಟ್ಟೆಗಳನ್ನು ಟೀವಿಯಲ್ಲಿ ತೋರಿಸುವುದು, ಒಳಕೋಣೆಯ ಕಂಪ್ಯೂಟರಿನಲ್ಲಿರುವ ಛಾಯಾಚಿತ್ರಗಳನ್ನು ಮನೆಯ ವೈಫೈ ಮೂಲಕ ತರಿಸಿಕೊಳ್ಳುವುದು, ಹಾಡಿನ ಸಿ.ಡಿ.ಯನ್ನೂ ನುಡಿಸುವುದು. ಪೆನ್‌ಡ್ರೈವಿನ ವಿಷಯದಲ್ಲಿ ಮಾತ್ರ ಬಲು ಮಡಿ. ಫ್ಯಾಟ್32 ಎಂಬ ಕ್ರಮದಲ್ಲಿ ಅಣಿಮಾಡಿದ್ದಲ್ಲದೆ ಮುಟ್ಟದು; ಆ ಕ್ರಮದಲ್ಲಿ 4 ಜಿಬಿಗೆ ಮೀರಿದ ಫೈಲು ಹಿಡಿಸದು. ನಮ್ಮ ತಂಗಿಯ ಮದುವೆಯ ವಿಡಿಯೋವನ್ನು ಧಾರೆಯ ನಡುವೆಯೇ ಎರಡು ತುಂಡು ಮಾಡಬೇಕಾಯಿತು!

ದಿವಂಗತರಾದ ನಮ್ಮ ತೀರ್ಥರೂಪರು ಗಮಕವಾಚನ ಮಾಡಿದ್ದ ಸಿ.ಡಿ.ಯೊಂದು ನಮ್ಮಲ್ಲಿದೆ. ದೀಪ ಹಚ್ಚಿದ ಮೇಲೆ ಮಾತೋಶ್ರೀಯವರು ಅದನ್ನು ಸೆರಗಿನಿಂದ ಒರೆಸಿ, ತಾವೇ ಪೆಟ್ಟಿಗೆಯ ಬಾಯಿಗಿಟ್ಟು, ಕಣ್ಣುಮುಚ್ಚಿ ಕೇಳುವರು. ಹೀಗಿರಲು 2013ರಲ್ಲಿ ಹೊರಟ ಪ್ಲೇಸ್ಟೇಷನ್ 4 ನಮ್ಮ ಮನೆಗೂ ಬಂದಿತು. ಹಳೆಯದಕ್ಕೆ ಗಿರಾಕಿಯೂ ಗೊತ್ತಾದನು. ಅಂದಿನ ಸಂಜೆ ಮಾತೋಶ್ರೀಯವರು ಸಿ.ಡಿ.ಯನ್ನು ಹೊಸದರೊಳಕ್ಕೆ ಇಟ್ಟರು. ಸದ್ದಿಲ್ಲ. ಹೊಸ ಯಂತ್ರಕ್ಕೆ ಹಾಡಿನ ಸಿ.ಡಿ. ನುಡಿಸುವ ಏರ್ಪಾಡೇ ಇಲ್ಲವಂತೆ; ಕೊಳ್ಳುವ ಮುನ್ನ ವಿಚಾರಿಸದಿದ್ದ ತಪ್ಪು ನಮ್ಮದೇ.

“ಅವರ ದನಿ ಎಲ್ಲಪ್ಪಾ?” ಎಂದರು.

ಪೆನ್‌ಡ್ರೈವಿಗೆ ಇಳಿಸಿಕೊಡುವೆನೆಂದು ಚಿರಂಜೀವಿಯು ಸಮಾಧಾನ ಹೇಳಿದನು. ಆಗತಕ್ಕ ಕೆಲಸವೇ ಸರಿ. ಆದರೆ ಪೆನ್‌ಡ್ರೈವನ್ನು ಸೆರಗಿನಿಂದ ಒರೆಸುವುದೆಂತು? ಮರುದಿನ ಬೆಳಗ್ಗೆಯೇ ಗಿರಾಕಿಗೆ ಕೊಡುವುದಿಲ್ಲವೆಂದು ಹೇಳಿಕಳುಹಿಸಿದೆವು. ಈಗ ಟೀವಿಯ ಕೆಳಗೆ ಎರಡು ಪೆಟ್ಟಿಗೆಗಳಿವೆ. ಹಳೆಯದರ ಧೂಳನ್ನು ಭಾನುವಾರದಂದು ಚಿರಂಜೀವಿಯೇ ತೆಗೆಯುತ್ತಾನೆ.